ಗಿಣಿಗೆ ದೋಷ ಹೇಳಿಲ್ಲ

ನಮ್ಮ ಮನೆಯಲ್ಲಿ ಹಾವು ಸತ್ತದ್ದು ಗಿಣಿಯ ದೆಸೆಯಿಂದ. ಗಿಣಿ ಬದುಕಿದ್ದು ನನ್ನ ಹಟದಿಂದ. ಇವೆರಡರ ನಡುವೆ ನಮ್ಮ ಇಡೀ ಸಂಸಾರ ಸಿಕ್ಕಿಹಾಕಿಕೊಂಡಿತು, ಇನ್ನೂ ಪೂರ್ತಿ ಬಿಡಿಸಿಕೊಂಡಿಲ್ಲ. ಕೇಳಿದವರು ನಗುತ್ತಾರೆ. ನಗಲಿ. ಅವರ ಮನೆಯ ಹಿತ್ತಲಿಗೆ ಒಂದು ನಾಗರಹಾವು ಬಂದು ಸಿಕ್ಕಿಕೊಳ್ಳಲಿ, ಆಮೇಲೆ ಮಾತಾಡೋಣ.

ಗಿಣಿ ನನ್ನ ಅತ್ತೆಯವರದು. ವಿಮಾನ ನಿಲ್ದಾಣದ ರಸ್ತೆಗಾಗಿ ಚಿಕ್ಕಜಾಲದ ಕಡೆ ಮರ ಕಡಿಯುತ್ತಿದ್ದಾಗ ಪೊಟರೆಯಿಂದ ಬಿದ್ದ ಮರಿ ಅದು. ಅತ್ತೆಯ ತಮ್ಮ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಯಲಹಂಕದ ನಮ್ಮ ಮನೆಗೆ ತಂದರು. ಕಾಫಿ ಕುಡಿದು ಅವರು ಹೊರಟುಹೋದರು, ಗಿಣಿ ಉಳಿಯಿತು. ಬಿದ್ದ ಪೆಟ್ಟಿಗೆ ಅದರ ಎಡರೆಕ್ಕೆ ಮುರಿದಿತ್ತು. ಮೂಳೆ ಸೊಟ್ಟಗೆ ಕೂಡಿಕೊಂಡದ್ದರಿಂದ ಅದು ಯಾವತ್ತೂ ಹಾರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕತ್ತು ಮುಂದೆ ಚಾಚಿ, ತುರ್ತು ಕೆಲಸ ಇರುವವರ ಹಾಗೆ ನಡೆಯುತ್ತಿತ್ತು, ಅಷ್ಟೆ.

ಅತ್ತೆ ಅದಕ್ಕೆ ರಾಮ ರಾಮ ಅನ್ನುವುದನ್ನು ಕಲಿಸಲು ವರ್ಷಗಟ್ಟಲೆ ಒದ್ದಾಡಿದರು. ಅದು ಕಲಿತದ್ದು ಮಾತ್ರ ಅವರು ದಿನವಿಡೀ ನನ್ನನ್ನು ಉದ್ದೇಶಿಸಿ ಕೂಗುವ ಒಂದೇ ಮಾತನ್ನು: "ಗ್ಯಾಸ್ ಆಫ್ ಮಾಡು!" ಅದೇ ದನಿ, ಅದೇ ರಾಗ, ಕೊನೆಯಲ್ಲಿ ಅದೇ ಅಸಹನೆ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಗಂಟಲು ಒಣಗಿಸಿಕೊಂಡು ಮನೆಗೆ ಬಂದರೆ ಒಬ್ಬರು ಅತ್ತೆ ಸಾಲದೆಂದು ಹಸಿರು ಬಣ್ಣದ ಇನ್ನೊಬ್ಬರು. ಪಂಜರ ತೊಳೆಯುವವಳು ನಾನು, ಸೀಬೆಕಾಯಿ ತರುವವಳು ನಾನು. ಗಿಣಿಯನ್ನು ಬಿಟ್ಟು ಹೋಗುವಂತಿಲ್ಲ, ಅತ್ತೆಯನ್ನಂತೂ ಬಿಡುವಂತೆಯೇ ಇಲ್ಲ ಎಂದು ಎಷ್ಟೋ ಮದುವೆಗಳಿಗೆ ಹೋಗದೆ ಉಳಿದವಳೂ ನಾನೇ. ಆದರೂ ಬೆಳಿಗ್ಗೆ ನಾನು ಎದ್ದು ಹಿತ್ತಲ ಬಾಗಿಲು ತೆಗೆದಾಗ ಅದು ಕಂಬಿಗೆ ತಲೆಯೊತ್ತಿ ಕೆರೆಸಿಕೊಳ್ಳುತ್ತಿದ್ದುದು ನನ್ನ ಬೆರಳಿನಿಂದ ಮಾತ್ರ. ಅದು ನನಗೆ ಇಷ್ಟವಾಗುತ್ತಿತ್ತು. ಈಗ ಮುಚ್ಚಿಡುವುದೇನು?

ಮೊದಲು ಪಂಜರ ಮುಂದಿನ ವರಾಂಡದಲ್ಲಿತ್ತು. ಗಿಣಿ ಸಾಕುವುದು ಕಾನೂನಿಗೆ ವಿರುದ್ಧ ಎಂದು ನನ್ನ ಗಂಡ ಎಲ್ಲೋ ಓದಿದ ದಿನವೇ ಅದು ಹಿತ್ತಲಿಗೆ ಹೋಯಿತು. ಅವರು ಸರ್ಕಾರಿ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ನೋಟಿಸು ಎಂಬ ಶಬ್ದ ಕೇಳಿದರೆ ಬಿ.ಪಿ. ಮಾತ್ರೆ ಹುಡುಕುವ ಮನುಷ್ಯ. "ಅರಣ್ಯ ಇಲಾಖೆಯೋರು ಬಂದ್ರೆ ಏನೇ ಹೇಳೋದು?" ಎಂದು ಗೇಟಿನ ಸದ್ದಾದಾಗಲೆಲ್ಲ ಬೆಚ್ಚುತ್ತಿದ್ದರು. ಹಿತ್ತಲಿನಲ್ಲಿ ನವಣೆ, ಸೂರ್ಯಕಾಂತಿ ಬೀಜ ಉದುರಿದ ಜಾಗಕ್ಕೆ ಇಲಿ ಬಂದವು. ಇಲಿ ತಡೆಯಲು ಅವರು ಪಂಜರದ ಕೆಳಭಾಗಕ್ಕೆ ಸುತ್ತಲೂ ಸಣ್ಣ ಕಣ್ಣಿನ ತಂತಿ ಮೆಶ್ ಬಿಗಿದರು. ಕಾಳಿನ ಬಟ್ಟಲು ತೂರಿಸುವ ಕಿಂಡಿಯನ್ನು ಮಾತ್ರ ಹಾಗೇ ಬಿಟ್ಟರು. ಇಲಿಗಳಿಗೆ ಅಷ್ಟು ಸಾಕಾಗಿತ್ತು.

ಹಿತ್ತಲ ಗೋಡೆಯಾಚೆಗೆ ಖಾಲಿ ಸೈಟು. ಅದರ ಮೂಲೆಯಲ್ಲಿ ಒಂದು ದೊಡ್ಡ ಹುತ್ತ. ನಾಗರಪಂಚಮಿಗೆ ಇಡೀ ಬೀದಿಯ ಹೆಂಗಸರು ಅಲ್ಲಿ ಸಾಲುಗಟ್ಟಿ ಹಾಲೆರೆಯುತ್ತಿದ್ದರು, ನನ್ನ ಅತ್ತೆಯದೇ ಮೊದಲ ಪಾಳಿ. ಈ ವರ್ಷ ಆ ಸೈಟಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟಲು ಶುರುಮಾಡಿದರು. ಜೆಸಿಬಿ ಬಂದು ಹುತ್ತವನ್ನೂ ಸೇರಿಸಿ ನೆಲಮಾಳಿಗೆಗೆ ಗುಂಡಿ ತೆಗೆಯಿತು. ಹುತ್ತದೊಳಗಿದ್ದದ್ದು ಎಲ್ಲಿಗೆ ಹೋಯಿತು ಎಂದು ನಾವ್ಯಾರೂ ಕೇಳಿಕೊಳ್ಳಲಿಲ್ಲ. ಧೂಳು ಜಾಸ್ತಿ, ಬಟ್ಟೆ ಒಣಗಿಸಲು ಆಗುವುದಿಲ್ಲ ಎಂಬುದಷ್ಟೇ ನಮ್ಮ ದೂರು.

ಅವತ್ತು ಭಾನುವಾರ ಬೆಳಿಗ್ಗೆ. ನಾನು ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದೆ. ಗಿಣಿ ಕಿರುಚಿತು. ಅದು ಯಾವತ್ತಿನ ಕಿರುಚಾಟವಾಗಿರಲಿಲ್ಲ, ಒಂದೇ ಸಮನೆ, ಉಸಿರು ತೆಗೆದುಕೊಳ್ಳದೆ ಕೂಗುತ್ತಿತ್ತು. ಓಡಿಹೋಗಿ ನೋಡಿದರೆ ಪಂಜರದ ತಳದಲ್ಲಿ ಕಂದು ಬಣ್ಣದ ದಪ್ಪ ಹಾವು. ಹೊಟ್ಟೆಯ ಹತ್ತಿರ ಒಂದು ಗಂಟು. ಗಿಣಿ ಮೇಲಿನ ಕೋಲಿಗೆ ಅಂಟಿಕೊಂಡು ಗಡಗಡ ನಡುಗುತ್ತಿತ್ತು. ಅಂದರೆ ಹಾವು ನುಂಗಿದ್ದು ಇಲಿಯನ್ನು. ಬಟ್ಟಲಿನ ಕಿಂಡಿಯಿಂದ ಒಳಗೆ ಬಂದಿದೆ, ಇಲಿ ನುಂಗಿದೆ, ಹೋಗುವಾಗ ದಾರಿ ತಪ್ಪಿ ಮೆಶ್ಶಿನ ಕಣ್ಣಿಗೆ ತಲೆ ತೂರಿಸಿದೆ. ತಲೆ ಹೊರಗೆ ಬಂತು, ಕತ್ತು ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎಳೆದಷ್ಟೂ ತಂತಿ ಚರ್ಮದೊಳಗೆ ಇಳಿಯುತ್ತಿತ್ತು.

"ರೀ, ಬನ್ರೀ ಬೇಗ!" ಎಂದು ಕೂಗಿದೆ. ನನ್ನ ಗಂಡ ಬಂದರು, ಅವರ ಹಿಂದೆಯೇ ಗೋಡೆ ಹಿಡಿದುಕೊಂಡು ಅತ್ತೆ ಬಂದರು. ಅತ್ತೆಗೆ ಕಣ್ಣಿನಲ್ಲಿ ಪೊರೆ. ಅವರಿಗೆ ಕಂಡಿದ್ದು ಏನೋ ಅಲ್ಲಾಡುತ್ತಿದೆ ಎಂಬುದಷ್ಟೆ. ಅವರು ಕೇಳಿದ ಮೊದಲ ಪ್ರಶ್ನೆ ನನಗೆ ಇವತ್ತಿಗೂ ಕಿವಿಯಲ್ಲಿದೆ. "ನಾಗ್ರಾನೋ, ಕೇರೇನೋ?"

ಗಿಣಿ ಇದೆಯಾ ಅಂತಲ್ಲ, ಯಾರಿಗಾದರೂ ಕಚ್ಚಿತಾ ಅಂತಲ್ಲ. ನಾಗರವೋ ಕೇರೆಯೋ! ನಮ್ಮಂಥ ಮನೆಗಳಲ್ಲಿ ಹಾವಿನ ಜೀವ ನಿಂತಿರುವುದು ಆ ಒಂದು ಉತ್ತರದ ಮೇಲೆ. ನಾಗರವಾದರೆ ಕೈಮುಗಿದು ಹಿಂದೆ ಸರಿಯಬೇಕು. ಕೇರೆಯಾದರೆ ಕೋಲು ಹುಡುಕಬಹುದು.

ನನ್ನ ಗಂಡ ಬಗ್ಗಿ ನೋಡಿದರು. "ಕೇರೆ ಕಣಮ್ಮಾ. ಹೆಡೆ ಎಲ್ಲಿದೆ? ನಾಗ್ರ ಆಗಿದ್ರೆ ಇಷ್ಟೊತ್ತಿಗೆ ಹೆಡೆ ಬಿಚ್ಚಿರೋದು."

"ಕತ್ತು ಸಿಕ್ಕಾಕೊಂಡಿದೆಯಲ್ರೀ, ಹೆಂಗ್ ಬಿಚ್ಚತ್ತೆ?" ಎಂದೆ. "ಹಾವು ಹಿಡಿಯೋರಿಗೆ ಫೋನ್ ಮಾಡ್ತೀನಿ, ಸುಮ್ನಿರಿ."

"ಫೋನ್ ಮಾಡಿ? ಅವ್ನು ಬರ್ತಾನೆ, ರೀಲ್ಸ್ ಮಾಡ್ತಾನೆ. ಹಾವಿನ ಹಿಂದೆ ಗಿಣಿ ಕಾಣತ್ತೆ. ಊರೆಲ್ಲ ನೋಡತ್ತೆ. ನಾಳೆ ಇಲಾಖೆಯೋರು ಬಾಗಿಲಿಗೆ ಬರ್ತಾರೆ. ಬೇಕಾ ನಿಂಗೆ?"

"ಗಿಣೀನ ಎತ್ಕೊಂಡು ರೂಮಲ್ಲಿ ಇಡೋಣ."

"ಎತ್ಕೋ, ಕೈ ಹಾಕು ನೋಡೋಣ!"

ಪಂಜರದ ಬಾಗಿಲು ಹಾವಿನ ಮೈಗೆ ಒತ್ತಿಕೊಂಡೇ ಇತ್ತು. ಕೈ ಹಾಕುವ ಧೈರ್ಯ ಯಾರಿಗಿದೆ? ಹಾವು ಬಾಲ ಬೀಸಿತು, ಗಿಣಿ ಕೂತಿದ್ದ ಕೋಲು ಅಲ್ಲಾಡಿತು. ಗಿಣಿ ಒಂದು ಕಾಲು ಜಾರಿ ತಲೆಕೆಳಗಾಗಿ ನೇತಾಡಿತು. ಅತ್ತೆ "ಅಯ್ಯೋ, ಪುಟ್ಟಾ!" ಎಂದು ಕಿರುಚಿದರು. ನನ್ನ ಗಂಡ ಒಳಗೆ ಹೋಗಿ ತೆಂಗಿನ ಗುಂಡಿ ಅಗೆಯುವ ಹಾರೆ ತಂದರು.

ಕೆಟ್ಟ ಮನುಷ್ಯ ಅಲ್ಲ ಅವರು. ಬಚ್ಚಲಿನಲ್ಲಿ ಜಿರಳೆ ಕಂಡರೂ ನನ್ನನ್ನು ಕರೆಯುವವರು. ಬೇಡ ಬೇಡ ಎಂದು ನಾನು ತೋಳು ಹಿಡಿದೆ, ಕೊಡವಿಕೊಂಡರು. ಓಡಿಹೋಗುವ ಪ್ರಾಣಿಯನ್ನು ಹೊಡೆದರೆ ಅದು ಬೇರೆ. ಇದು ನಾವು ಬಿಗಿದ ತಂತಿಯಲ್ಲಿ ಕತ್ತು ಕೊಟ್ಟು, ಎಲ್ಲಿಗೂ ಹೋಗಲಾರದೆ, ಹಾರೆ ಮೇಲೆ ಹೋಗಿ ಕೆಳಗೆ ಬರುವವರೆಗೂ ಸುಮ್ಮನೆ ಇತ್ತು. ಒಂದೇ ಏಟಿಗೆ ಸಾಯಲೂ ಇಲ್ಲ. ನಾನು ಮುಖ ತಿರುಗಿಸಿಕೊಂಡೆ. ಒಳಗೆ ಒಗ್ಗರಣೆ ಸೀದ ವಾಸನೆ ಬರುತ್ತಿತ್ತು.

ಎಲ್ಲ ಮುಗಿದ ಮೇಲೆ ಕಟಿಂಗ್ ಪ್ಲೇಯರ್ ತಂದು ಮೆಶ್ ಕತ್ತರಿಸಿದರು. ತಂತಿ ಬಿಟ್ಟದ್ದೇ ತಡ, ಕತ್ತಿನ ಚರ್ಮ ಸಡಿಲವಾಗಿ ಅಗಲಕ್ಕೆ ಹರಡಿಕೊಂಡಿತು. ಅದರ ಮೇಲೆ ಕನ್ನಡಕದ ಗುರುತು ಸ್ಪಷ್ಟವಾಗಿ ಕಂಡಿತು. ನಾಗರವೇ. ನನ್ನ ಗಂಡ ಹಾರೆ ಕೆಳಗಿಟ್ಟು ಒದ್ದೆ ನೆಲದ ಮೇಲೆ ಹಾಗೇ ಕುಸಿದು ಕೂತರು.

"ಏನೋ ಆಯ್ತು? ಯಾಕೋ ಕೂತೆ?" ಅತ್ತೆ ಕೇಳಿದರು. ನನ್ನ ಗಂಡ "ತಪ್ಪಾಯ್ತು, ನಾಗಪ್ಪಾ" ಎಂದು ಕೈಮುಗಿದರು. ಅತ್ತೆಗೆ ಅರ್ಥವಾಯಿತು. ಎರಡೂ ಕೈಯಲ್ಲಿ ತಲೆ ಚಚ್ಚಿಕೊಂಡು, "ಬಸುರಿ ಹುಡುಗಿ ಇರೋ ಮನೆ ಕಣೋ! ಏನ್ ಕೆಲಸ ಮಾಡ್ಬಿಟ್ಯೋ!" ಎಂದು ಅಳತೊಡಗಿದರು.

ನಮ್ಮ ಒಬ್ಬಳೇ ಮಗಳು ಆರ್.ಟಿ. ನಗರದಲ್ಲಿ ಗಂಡನ ಮನೆಯಲ್ಲಿದ್ದಳು, ತುಂಬು ಬಸುರಿ. ಹಿಂದೆ ಒಂದು ಸಲ ಗರ್ಭ ನಿಂತಿರಲಿಲ್ಲ. ಹಾವು ಕೊಂದ ದೋಷ ಹುಟ್ಟುವ ಮಗುವಿನ ಮೈಮೇಲೆ ಬರುತ್ತದೆ, ಚರ್ಮದ ಮೇಲೆ ಎದ್ದು ಕಾಣುತ್ತದೆ ಎಂದು ನಮ್ಮ ಕಡೆ ಹೇಳುವುದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಕೇಳಿ ನಕ್ಕಿದ್ದೆ ಕೂಡ. ಅವತ್ತು ನಗು ಬರಲಿಲ್ಲ. ಮಗಳಿಗೆ ಹೇಳಬಾರದು ಎಂದು ಮೂವರೂ ಒಪ್ಪಿಕೊಂಡೆವು. ಅಷ್ಟು ಬೇಗ ಆ ಮನೆಯಲ್ಲಿ ಮೂವರೂ ಯಾವ ವಿಷಯಕ್ಕೂ ಒಪ್ಪಿದ್ದಿಲ್ಲ.

ಪುರೋಹಿತರು ಬಂದರು. ಹಾವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಬಾಯಿಗೆ ತಾಮ್ರದ ಕಾಸು ಇಟ್ಟು, ಹಾಲು ತುಪ್ಪ ಎರೆದು, ಹಿತ್ತಲಿನ ಮೂಲೆಯಲ್ಲಿ ಗಂಧದ ಚಕ್ಕೆ ಹಾಕಿ ಸುಟ್ಟರು. ಮನುಷ್ಯರಿಗೆ ಮಾಡಿದ ಹಾಗೆಯೇ. ನನ್ನ ಗಂಡ ಒದ್ದೆ ಪಂಚೆಯಲ್ಲಿ ನಿಂತು ಮಂತ್ರ ಹೇಳುತ್ತ ನಿಜವಾಗಿಯೂ ಬಿಕ್ಕಿದರು. ಅದನ್ನು ನೋಡಿ ನನಗೆ ಕನಿಕರವೂ ಆಯಿತು, ಮೈಯೂ ಉರಿಯಿತು. ಅದು ಕೇರೆಯೇ ಆಗಿದ್ದರೆ? ಕವರಿನಲ್ಲಿ ಹಾಕಿ ಮೋರಿಗೆ ಎಸೆದು, ಕೈ ತೊಳೆದುಕೊಂಡು ಚಿತ್ರಾನ್ನ ತಿನ್ನುತ್ತಿದ್ದೆವು. ಗಂಟಲು ಹಿಂಡುವ ನೋವು ಎರಡಕ್ಕೂ ಒಂದೇ ತಾನೇ? ಆ ಯೋಚನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಪುರೋಹಿತರು ಒಳ್ಳೆಯವರೇ. ಹೆಚ್ಚೇನೂ ಹೆದರಿಸಲಿಲ್ಲ. ಹೆರಿಗೆಯಾದ ಮೇಲೆ ಘಾಟಿಯ ನಾಗನ ಗುಡಿಗೆ ಹೋಗಿ ಶಾಂತಿ ಮಾಡಿಸಿ ಎಂದರು. ಕೈಕಾಲು ತೊಳೆದುಕೊಂಡು ಕೂತ ಮೇಲೆ ಒಂದು ಮಾತು ಸೇರಿಸಿದರು. "ಯಾವ ಪ್ರಾಣಿಗೋಸ್ಕರ ಕೊಂದಿರೋ ಅದನ್ನ ಮನೇಲಿ ಇಟ್ಕೊಬಾರ್ದು. ಪಂಜರಾನೂ ಇರಬಾರ್ದು. ನೀರಿನ ಹತ್ರ ಬಿಟ್ಟು, ತಿರುಗಿ ನೋಡ್ದೆ ಬಂದ್ಬಿಡಿ."

"ಸ್ವಾಮಿ, ಅದಕ್ಕೆ ಹಾರೋಕ್ ಬರಲ್ಲ," ಎಂದೆ. "ರೆಕ್ಕೆ ಮುರಿದಿದೆ. ಬಿಟ್ರೆ ಕಾಗೆ ಕುಕ್ಕಿ ಸಾಯ್ಸತ್ತೆ. ಆಗ ಅದರ ದೋಷ ಯಾರಿಗೆ?"

ಅವರು ಸುಳ್ಳು ಹೇಳುವ ಮನುಷ್ಯ ಆಗಿರಲಿಲ್ಲ. "ಶಾಸ್ತ್ರದಲ್ಲಿ ಗಿಣಿಗೆ ದೋಷ ಹೇಳಿಲ್ಲಮ್ಮ," ಎಂದರು.

ಆ ವಾರ ಮನೆಯಲ್ಲಿ ಉಸಿರಾಡಲು ಜಾಗವಿರಲಿಲ್ಲ. ಪಕ್ಷಿಗಳನ್ನು ನೋಡಿಕೊಳ್ಳುವ ಕೇಂದ್ರಕ್ಕೆ ಕೊಡೋಣ ಎಂದು ನಾನು ಹೇಳಿದೆ. ಅಲ್ಲಿ ಹೆಸರು ವಿಳಾಸ ಕೇಳುತ್ತಾರೆ, ಹಾವಿನ ವಿಷಯವೂ ಹೊರಗೆ ಬರುತ್ತದೆ, ನಾಗರ ಕೊಂದದ್ದಕ್ಕೆ ಜೈಲೇ ಎಂದು ನನ್ನ ಗಂಡ ಬೆವತರು. ಅತ್ತೆ ಊಟ ಬಿಟ್ಟರು. ಗಿಣಿಯ ಕಡೆ ನೋಡುವುದನ್ನೂ ಬಿಟ್ಟರು. ಅನ್ನ ಕಲಸಿ ಬೆರಳ ತುದಿಯಿಂದ ತಿನ್ನಿಸಿ ಬೆಳೆಸಿದ ಹೆಂಗಸು, ಅದು ಕರೆದರೆ ಸೆರಗಿನಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದರು. "ನಂಗೇನ್ ಅದ್ರ ಮೇಲೆ ಪ್ರೀತಿ ಇಲ್ವೇನೇ? ಮೊಮ್ಮಗಳ ಹೊಟ್ಟೇಲಿರೋದಕ್ಕಿಂತ ಹೆಚ್ಚಾ?" ಎಂದು ಒಂದು ಮಧ್ಯಾಹ್ನ ನನ್ನನ್ನು ಹಿಡಿದು ಕೇಳಿದರು. ನಾನು ನಂಬುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ಮಗಳಿಗೆ ನಾಳೆ ಏನಾದರೂ ಆದರೆ, ನಂಬದೆ ಇದ್ದವಳು ಎಂಬ ಹಣೆಪಟ್ಟಿ ಹೊತ್ತು ನಾನು ಬದುಕಬೇಕಲ್ಲ. ಕೊನೆಗೆ ಸರಿ ಎಂದೆ. ಸರಿ ಎಂದವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಯಲಹಂಕ ಕೆರೆಯ ದಂಡೆಗೆ ಬೆಳಗಿನ ಹೊತ್ತು ಕಾರಿನಲ್ಲಿ ಹೋದೆವು. ವಾಕಿಂಗ್ ಮಾಡುವವರು ಬರದ ಕಡೆ, ಹುಲ್ಲು ಬೆಳೆದ ಜಾಗದಲ್ಲಿ ನನ್ನ ಗಂಡ ಪಂಜರ ಇಟ್ಟರು. ಬಾಗಿಲು ತೆಗೆದರೆ ಗಿಣಿ ಹೊರಗೆ ಬರಲಿಲ್ಲ. ಬದಲಿಗೆ ಇನ್ನೂ ಒಳಗೆ ಸರಿಯಿತು. ಅತ್ತೆಯೇ ಬಗ್ಗಿ, ಪಂಜರ ವಾಲಿಸಿ, ಅಲ್ಲಾಡಿಸಿ ಕೆಳಗೆ ಬೀಳಿಸಿದರು. ಹುಲ್ಲಿನ ಮೇಲೆ ಬಿದ್ದ ಗಿಣಿ ಅವರ ಮುಖ ನೋಡಿತು. ಹಸಿ ನೆಲ ಅದರ ಕಾಲಿಗೆ ಹೊಸದು, ಒಂದೊಂದೇ ಕಾಲು ಎತ್ತಿ ಎತ್ತಿ ನೋಡಿಕೊಂಡಿತು.

"ನಡೀರಿ. ಯಾರೂ ತಿರುಗಬೇಡಿ," ಎಂದರು ನನ್ನ ಗಂಡ.

ಖಾಲಿ ಪಂಜರ ಎತ್ತಿಕೊಂಡು ಮೂವರೂ ರಸ್ತೆಯ ಕಡೆ ಹೆಜ್ಜೆ ಹಾಕಿದೆವು. ನಾನು ಅತ್ತೆಯ ಕೈ ಹಿಡಿದಿದ್ದೆ, ಅದು ತಣ್ಣಗಿತ್ತು. ವಾಯುನೆಲೆಯ ಕಡೆಯಿಂದ ಒಂದು ವಿಮಾನ ಸದ್ದು ಮಾಡಿಕೊಂಡು ಮೇಲೆದ್ದಿತು. ಸದ್ದು ಅಡಗಿದ ಮೇಲೆ, ನಮ್ಮ ಹಿಂದೆ, ತೀರ ನೆಲದ ಮಟ್ಟದಿಂದ ಕೇಳಿಸಿತು. "ಗ್ಯಾಸ್ ಆಫ್ ಮಾಡು."

ಅತ್ತೆಯ ಬೆರಳು ನನ್ನ ಅಂಗೈಯನ್ನು ಗಟ್ಟಿಯಾಗಿ ಅದುಮಿತು. ನಾವು ನಡೆದೆವು. ಅದೂ ನಡೆದು ಬರುತ್ತಿತ್ತು. "ಗ್ಯಾಸ್ ಆಫ್ ಮಾಡು. ಗ್ಯಾಸ್ ಆಫ್ ಮಾಡು." ದನಿ ಸ್ವಲ್ಪ ಸ್ವಲ್ಪವೇ ದೂರವಾಗುತ್ತಿತ್ತು, ಬಿಡುತ್ತಿರಲಿಲ್ಲ. ಎದುರಿನ ತಂತಿಯ ಮೇಲೆ ಕಾಗೆಗಳು ಒಂದರ ಪಕ್ಕ ಒಂದು ಬಂದು ಕೂರುತ್ತಿದ್ದವು. ಅವು ನೋಡುತ್ತಿದ್ದುದು ನಮ್ಮನ್ನಲ್ಲ. ಮೊದಲನೆಯದು ತಂತಿ ಬಿಟ್ಟು ಕೆಳಗಿಳಿಯಿತು.

ನಾನು ತಿರುಗಿದೆ. ಹುಲ್ಲಿನ ನಡುವೆ ಕತ್ತು ಚಾಚಿಕೊಂಡು, ಸೊಟ್ಟ ರೆಕ್ಕೆ ಎಳೆದುಕೊಂಡು ಬರುತ್ತಿತ್ತು ಕಣ್ರೀ, ನಾವು ತನ್ನನ್ನು ಮರೆತು ಹೋಗುತ್ತಿದ್ದೇವೆ ಎಂದುಕೊಂಡು. ಓಡಿದೆ. ಕಾಗೆ ಹತ್ತಿರ ಬಂದಿತ್ತು, ಚಪ್ಪಲಿ ಬೀಸಿದೆ. ಗಿಣಿಯನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡೆ. ಭಯಕ್ಕೆ ನನ್ನ ಹೆಬ್ಬೆರಳು ಕಚ್ಚಿ ರಕ್ತ ಬರಿಸಿತು, ಕಚ್ಚಲಿ ಎಂದುಕೊಂಡೆ.

"ಹುಚ್ಚು ಹಿಡೀತೇನೇ ನಿಂಗೆ? ಮಗಳು ಕಣೇ, ಮಗಳು!" ನನ್ನ ಗಂಡ ರಸ್ತೆಯಿಂದಲೇ ಕೂಗಿದರು.

"ಒಂದು ಕೊಂದಿದ್ದು ಸಾಕ್ರೀ! ಇದನ್ನ ಉಳಿಸೋಕೆ ಅದು, ಮಗೂನ ಉಳಿಸೋಕೆ ಇದು, ಎಷ್ಟ್ ಕೊಲ್ತೀರಾ?" ನಾನು ಅಷ್ಟು ಜೋರಾಗಿ ಅವರ ಮೇಲೆ ಕೂಗಿದ್ದು ಅದೇ ಮೊದಲು. ಅತ್ತೆ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು, ನನ್ನ ಸೆರಗಿನ ಮೇಲೆ ಕೈ ಇಡಲು ಬಂದು, ಇಡದೆ ವಾಪಸ್ ತೆಗೆದುಕೊಂಡರು.

ಪಂಜರವನ್ನು ಗುಜರಿಯವನಿಗೆ ಕೊಟ್ಟೆವು. ಪುರೋಹಿತರ ಅರ್ಧ ಮಾತಾದರೂ ನಡೆಯಲಿ ಎಂದು ನನ್ನ ಗಂಡನ ಸಮಾಧಾನ. ಪಂಜರವಿಲ್ಲದ ಗಿಣಿಯನ್ನು ಬೆಕ್ಕಿನಿಂದ, ಹಾವಿನಿಂದ ಕಾಯಲು ಮನೆಯ ಎಲ್ಲ ಕಿಟಕಿಗಳಿಗೂ ಮೆಶ್ ಹೊಡೆಸಿದೆವು, ಹಿತ್ತಲ ಬಾಗಿಲಿಗೆ ಒಂದು, ಮುಂದಿನ ಬಾಗಿಲಿಗೆ ಒಂದು. ಈಗ ನಾಲ್ಕು ಜೀವವೂ ಒಳಗೇ. ಬೆಳಕು ಕಡಿಮೆ, ಗಾಳಿ ಕಡಿಮೆ. ಗೇಟಿನ ಸದ್ದಾದರೆ ಮೊದಲಿನಂತೆ ನನ್ನ ಗಂಡ ಮಾತ್ರವಲ್ಲ, ನಾನೂ ಬೆಚ್ಚುತ್ತೇನೆ. ಮಗಳ ಫೋನು ಹೊತ್ತಲ್ಲದ ಹೊತ್ತಿಗೆ ಬಂದರೆ ಎತ್ತುವ ಮುಂಚೆ ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಆಮೇಲೆ ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

ಹೆಣ್ಣುಮಗು ಹುಟ್ಟಿತು. ತೂಕ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ, ಗಂಟಲು ಅತ್ತೆಯದು. ಬಾಣಂತನಕ್ಕೆ ಮಗಳು ನಮ್ಮ ಮನೆಗೆ ಬಂದಳು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರು ಹಾಕುವ ಕೆಲಸ ನನ್ನದು. ನಾನು ಗೆದ್ದೆ ಎಂದು ನನ್ನ ಗಂಡನ ಮುಂದೆ ಒಂದೆರಡು ಸಲ ಬೀಗಿದ್ದೂ ಉಂಟು. "ನೋಡ್ರೀ, ಎಲ್ಲಿದೆ ನಿಮ್ಮ ದೋಷ?" ಎಂದರೆ ಅವರು ಪೇಪರು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು.

ಆದರೆ ದಿನಾ ನೀರು ಹಾಕುವಾಗ ನಾನು ಮಗುವನ್ನು ಬೋರಲು ಹಾಕಿ, ಬೆನ್ನು, ಕಂಕುಳು, ಮೊಣಕಾಲಿನ ಹಿಂದಿನ ಮಡಿಕೆ, ಎಲ್ಲ ಬೆಳಕಿಗೆ ಹಿಡಿದು ನೋಡುತ್ತೇನೆ. ಗಣಿತದ ಟೀಚರು! ಒಂದು ದಿನ ಮಗಳು ಬಾಗಿಲಲ್ಲಿ ನಿಂತು ನೋಡಿಬಿಟ್ಟಳು. "ಏನ್ ಹುಡುಕ್ತಾ ಇದ್ದೀಯಮ್ಮಾ, ದಿನಾ?"

"ಎಣ್ಣೆ ಹೋಗಿದ್ಯಾ ಅಂತ ನೋಡ್ತಾ ಇದೀನಿ. ಬಾಣಂತಿ ತಣ್ಣನೆ ನೆಲದ ಮೇಲೆ ನಿಂತ್ಕೋಬೇಡ, ಹೋಗು," ಎಂದೆ.

ಹೋದ ವಾರ ಮಗುವಿನ ಬೆನ್ನ ಮೇಲೆ, ಸೊಂಟಕ್ಕಿಂತ ಸ್ವಲ್ಪ ಮೇಲೆ, ಒಂದು ಕೆಂಪು ಗುಳ್ಳೆ ಕಂಡಿತು. ನನ್ನ ಕೈಯಲ್ಲಿದ್ದ ಚೊಂಬು ನಿಂತಿತು. ಗಿಣಿ ಬಚ್ಚಲಿನ ಹೊಸ್ತಿಲ ಮೇಲೆ ಕೂತು, ಮಗು ಅಳುವುದನ್ನು ಕಲಿಯಲು ಪ್ರಯತ್ನಿಸುತ್ತಿತ್ತು. ನಾನು ಅದರ ಕಡೆ ತಿರುಗಿ ನೋಡಿದೆ. ಕೆರೆಯ ಹತ್ತಿರವೇ ಬಿಟ್ಟು ಬರಬೇಕಿತ್ತು ಇದನ್ನು, ಕಾಗೆ ತಿಂದುಕೊಂಡಿದ್ದರೆ ಆಗುತ್ತಿತ್ತು ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅಷ್ಟೂ ಮಾತು ಮನಸ್ಸಿನಲ್ಲಿ ಪೂರ್ತಿಯಾಗಿ ಬಂದಿತು.

ಆಮೇಲೆ ಬಗ್ಗಿ ನೋಡಿದೆ. ಸೊಳ್ಳೆ ಕಚ್ಚಿದ ಗುಳ್ಳೆ.